ಅರ್ಧ ಹೆಸರಿನ ಕೂಸು

ನಮ್ಮ ತೋಟದಲ್ಲಿ ಕೂಲಿಯನ್ನು ಯಾರೂ ಕೂಲಿ ಎನ್ನುವುದಿಲ್ಲ, ಹೆಸರು ಎನ್ನುತ್ತೇವೆ. ಹೇಳಿದಷ್ಟು ಕಿಲೋ ಚಹಾ ಚಿಗುರು ಕಿತ್ತು ತೂಗಿಸಿದರೆ ಆ ದಿನಕ್ಕೆ ಪೂರಾ ಹೆಸರು. ಕಡಿಮೆ ಬಿದ್ದರೆ ಅರ್ಧ ಹೆಸರು. ಸಂಜೆ ನಾವಿರುವ ಸಾಲುಮನೆಗಳ, ಅಂದರೆ ಲೈನ್ ಮನೆಗಳ ನಲ್ಲಿಯ ಹತ್ತಿರ ಒಬ್ಬರನ್ನೊಬ್ಬರು ಕೇಳುವುದೂ ಹೀಗೆಯೇ: “ಇವತ್ತು ಪೂರಾನಾ, ಅರ್ಧಾನಾ?” ಅರ್ಧ ಎಂದವಳ ಕೊಡ ತುಂಬುವವರೆಗೆ ಉಳಿದವರು ಬೇರೆ ಕಡೆ ನೋಡುತ್ತಾರೆ.

ಚಿಗುರು ತೂಗುವವರು ತೋಟದ ಲೆಕ್ಕ ಬರೆಯುವ ಕಣಕ್ಕಪಿಳ್ಳೆ ಅರುಳಪ್ಪ ಅಯ್ಯ. ಮೂಟೆಯನ್ನು ಕೊಕ್ಕೆಗೆ ನೇತುಹಾಕಿ, ಮುಳ್ಳು ನೋಡಿ, ಮೂಟೆಯ ಗೋಣಿಗೆ ಇಷ್ಟು, ಎಲೆಯ ಮೇಲಿನ ನೀರಿಗೆ ಇಷ್ಟು ಎಂದು ಒಂದು ಕಿಲೋ ಕಡಿದೇ ಬಾಯಿ ತೆರೆಯುತ್ತಾರೆ. ಮಳೆಯಿದ್ದರೆ ಎರಡು. ಮುಳ್ಳು ಹದಿನಾಲ್ಕರಲ್ಲಿ ನಿಂತಿದ್ದರೆ ಅವರ ಬಾಯಿಂದ ಬರುವುದು ಹದಿಮೂರು. ಇಪ್ಪತ್ತು ವರ್ಷದಿಂದ ಹೀಗೇ ಕೂಗಿ ಕೂಗಿ, ಕಣ್ಣು ಕಂಡದ್ದನ್ನು ನಾಲಿಗೆ ತಾನಾಗಿಯೇ ಕಡಿಯುತ್ತದೆ. ಆ ಒಂದು ಕಿಲೋಗಾಗಿ ನಾವು ಜಗಳವಾಡಿದ್ದೇವೆ, ಸಂಘದವರಿಗೆ ಹೇಳಿದ್ದೇವೆ, ಬೈದು ಸುಮ್ಮನಾಗಿದ್ದೇವೆ.

ಆ ತಿಂಗಳು ಕ್ಲಿನಿಕ್ ದಿನ ಇನೋಕಾ ಮಿಸ್ಸಿಯ ತಕ್ಕಡಿ ಕೆಟ್ಟಿತ್ತು. ಮಿಸ್ಸಿ ಸರ್ಕಾರದ ಸೂಲಗಿತ್ತಿ, ಸಿಂಹಳ ಭಾಷೆಯವರು; ನಾವು ತೋಟದವರೆಲ್ಲ ತಮಿಳರು. ತಿಂಗಳಿಗೊಮ್ಮೆ ಹಟ್ಟನ್ ಕಡೆಯಿಂದ ತ್ರೀವೀಲರ್‌ನಲ್ಲಿ ಬಂದು ಪಿಳ್ಳೆಕಾಂಬರದ ಜಗಲಿಯಲ್ಲಿ ಕೂತು ನಮ್ಮ ಮಕ್ಕಳನ್ನು ತೂಗುತ್ತಾರೆ. ಪಿಳ್ಳೆಕಾಂಬರವೆಂದರೆ ನಾವು ಚಿಗುರು ಕೀಳಲು ಮಲೆಗೆ ಹೋಗುವಾಗ ಮಕ್ಕಳನ್ನು ಬಿಟ್ಟುಹೋಗುವ ಕೋಣೆ. ಪ್ರತಿ ಮಗುವಿಗೂ ಒಂದು ಕಾರ್ಡು. ಅದರಲ್ಲಿ ಮೇಲೆ ಹಸಿರು ಪಟ್ಟಿ, ಅದರ ಕೆಳಗೆ ಕಿತ್ತಳೆ, ತೀರಾ ಕೆಳಗೆ ಕೆಂಪು. ಮಿಸ್ಸಿ ಇಡುವ ಚುಕ್ಕೆ ಕಿತ್ತಳೆಗೆ ಇಳಿದರೆ ಆ ಮಗುವಿಗೆ ಪುಕ್ಕಟೆ ಹಿಟ್ಟು. ಜೋಳ, ಸೋಯಾ, ಹಾಲಿನ ಪುಡಿ ಸೇರಿಸಿ ಮಾಡಿದ್ದು. ಬಿಸಿನೀರಿನಲ್ಲಿ ಕಲಸಿ ಉಂಡೆ ಮಾಡಿಕೊಟ್ಟರೆ ಮಕ್ಕಳು ಕೈ ನೆಕ್ಕುತ್ತವೆ. ಚುಕ್ಕೆ ಹಸಿರಿನಲ್ಲಿ ಉಳಿದರೆ ಬುದ್ಧಿಮಾತು ಮಾತ್ರ.

ನನ್ನ ತರ್ಷಿಕಾಳ ಚುಕ್ಕೆ ಕೆಲವು ತಿಂಗಳಿಂದ ಹಸಿರಿನ ಅಂಚಿನಲ್ಲೇ ಕೂತಿತ್ತು, ಗೋಡೆಯ ತುದಿಯಲ್ಲಿ ಕೂತ ಕೋಳಿಯ ಹಾಗೆ. ಈಚೆಗೂ ಬೀಳದು, ಆಚೆಗೂ ಹಾರದು. ಅವಳಿಗೆ ಆಗ ವರ್ಷದ ಮೇಲೆ ಎರಡು ತಿಂಗಳು. ನನ್ನ ಎದೆಹಾಲು ರಾತ್ರಿಗಷ್ಟೇ ಉಳಿದಿತ್ತು. ಹಗಲು ಅನ್ನ, ಬೇಳೆಯ ತಿಳಿ, ಗೋಧಿ ರೊಟ್ಟಿ. ಮಿಸ್ಸಿ ಪ್ರತಿ ಸಲವೂ ಹೇಳುತ್ತಾರೆ: ದಿನಕ್ಕೊಂದು ಮೊಟ್ಟೆ, ನೆತ್ತಲಿಯೆಂಬ ಸಣ್ಣ ಒಣಮೀನು ಹುರಿದು ಪುಡಿ ಮಾಡಿ ಅನ್ನಕ್ಕೆ, ಹಾಲು, ಹಣ್ಣು. ಮಿಸ್ಸಿ ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಒಂದು ಪ್ಯಾಕೆಟ್ ಹಾಲಿನ ಪುಡಿಯೆಂದರೆ ನನ್ನ ಒಂದು ಪೂರಾ ಹೆಸರು. ಅಂಗಡಿಯವನು ಅದನ್ನೇ ಬಿಚ್ಚಿ, ಮೇಣದಬತ್ತಿಯಲ್ಲಿ ಬಾಯಿ ಅಂಟಿಸಿ, ಒಂದು ಲೋಟಕ್ಕೆ ಒಂದರಂತೆ ಪುಟ್ಟ ಪೊಟ್ಟಣ ಮಾಡಿ ಮಾರುತ್ತಾನೆ. ಬಿಡಿಯಾಗಿ ಕೊಂಡರೆ ಹೆಚ್ಚು ಬೀಳುತ್ತದೆಂದು ನಮಗೂ ಗೊತ್ತು. ಒಟ್ಟಿಗೆ ಕೊಳ್ಳಲು ಒಟ್ಟಿಗೆ ದುಡ್ಡಿರಬೇಕಲ್ಲ. ನನ್ನ ಗಂಡ ರವೀಂದ್ರನ್ ಕೊಲಂಬೊದ ಒಂದು ಹೋಟೆಲಿನಲ್ಲಿ ಕಾದ ಕಲ್ಲಿನ ಮೇಲೆ ಕೊತ್ತು ರೊಟ್ಟಿ ಕೊಚ್ಚುತ್ತಾನೆ. ಅವನು ಕಳಿಸುವುದು ಅಕ್ಕಿ, ಹಿಟ್ಟು, ಕರೆಂಟು, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆಗೆ ಮುಗಿಯುತ್ತದೆ.

ಹಾಗಾಗಿ ಆ ಹಿಟ್ಟು ನನಗೆ ಬೇಕಿತ್ತು. ಮಗಳು ಸೊರಗಲಿ ಎಂದಲ್ಲ; ಹಿಟ್ಟು ಬೇಕಿತ್ತು, ಅಷ್ಟೇ. ಎರಡನ್ನೂ ಒಂದಕ್ಕೊಂದು ಕಟ್ಟಿಹಾಕಿದ್ದು ಆ ಕಾರ್ಡು.

“ಕಣಕ್ಕಪಿಳ್ಳೆ ಅಯ್ಯಾ, ನನ್ನ ತಕ್ಕಡಿ ಕೊಕ್ಕೆ ಮುರಿದಿದೆ. ಇವತ್ತು ಒಂದು ದಿನ ನಿಮ್ಮದು ಕೊಡುವುದಾ?” ಎಂದು ಮಿಸ್ಸಿ, ಎಲೆಯ ತೂಕ ಮುಗಿಸಿ ತಕ್ಕಡಿ ಹಿಡಿದು ಅತ್ತ ಬಂದಿದ್ದ ಅರುಳಪ್ಪ ಅಯ್ಯನನ್ನು ತಮ್ಮ ಹರಕು ತಮಿಳಿನಲ್ಲಿ ಕೇಳಿದರು.

“ಅದಕ್ಕೇನು ಮಿಸ್ಸಿ! ನಾನೇ ತೂಗಿ ಕೊಡ್ತೀನಿ. ಈ ಹೆಂಗಸರ ಕೈಗೆ ಕೊಟ್ರೆ ಮುಳ್ಳು ಕಿತ್ತು ಕೂದಲಿಗೆ ಸಿಕ್ಕಿಸ್ಕೋತಾರೆ,” ಎಂದು ಅರುಳಪ್ಪ ಅಯ್ಯ ಕೊಕ್ಕೆಯನ್ನು ಅಂಗಿಯ ತುದಿಯಿಂದಲೇ ಒರೆಸಿದರು.

ಹಳೆಯ ಸೀರೆಯೊಂದನ್ನು ಕೊಕ್ಕೆಗೆ ಜೋಳಿಗೆಯಾಗಿ ಕಟ್ಟಿದೆವು. ಮಿಸ್ಸಿ ಜಗಲಿಯ ಮೇಜಿನ ಮುಂದೆ ಕಾರ್ಡುಗಳ ಮೇಲೆ ತಲೆ ಬಗ್ಗಿಸಿ ಕೂತರು. ತಕ್ಕಡಿ ಅವರ ಬೆನ್ನ ಹಿಂದೆ. ಮೊದಲು ಕೋಮಳಾಳ ಮಗ, ಗುಂಡುಗುಂಡಗಿನವನು. ಜೋಳಿಗೆ ತೂಗಾಡಿ ನಿಂತಿತು. ಮುಳ್ಳು ಒಂಬತ್ತರ ಮೇಲಿತ್ತು. ನಾವೆಲ್ಲ ನೋಡಿದೆವು.

“ಎಂಟು!” ಎಂದು ಅರುಳಪ್ಪ ಅಯ್ಯ ಕೂಗಿದರು.

ಕೋಮಳಾ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು.

“ಎಂಟಾ? ಹೋದ ತಿಂಗಳು ಒಂಬತ್ತರ ಹತ್ತಿರ ಇತ್ತು. ಏನಾಯಿತು?” ಎಂದರು ಮಿಸ್ಸಿ.

“ಭೇದಿ ಮಿಸ್ಸಿ,” ಎಂದಳು ಕೋಮಳಾ. ಕಣ್ಣು ನೆಲದ ಮೇಲಿತ್ತು. “ವಾರವೆಲ್ಲಾ ಭೇದಿ.”

ಚುಕ್ಕೆ ಕಿತ್ತಳೆಗೆ ಇಳಿಯಿತು. ಮೇಜಿನ ಪಕ್ಕದ ಚೀಲದಿಂದ ಎರಡು ಪ್ಯಾಕೆಟ್ ಹಿಟ್ಟು ಕೋಮಳಾಳ ಮಡಿಲಿಗೆ ಬಂತು.

ಎರಡನೆಯ ಮಗುವಿಗೆ ಜ್ವರ ಬಂದಿತ್ತು. ಮೂರನೆಯದಕ್ಕೆ ಹಲ್ಲು ಬರುತ್ತಿತ್ತು. ಅದರ ಮುಂದಿನದಕ್ಕೆ ಯಾರದೋ ದೃಷ್ಟಿ ತಗುಲಿತ್ತು. ಜೋಳಿಗೆ ಏರಿದ ಮಗುವೆಲ್ಲ ಒಂದೊಂದು ಕಿಲೋ ಕಳೆದುಕೊಂಡು ಇಳಿಯುತ್ತಿತ್ತು. ಸಾಲಿನಲ್ಲಿ ನಿಂತ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನೋಡಿದರೆ ನಗು ಬರುತ್ತಿತ್ತು. ಇಷ್ಟು ವರ್ಷ ಯಾವ ಕಿಲೋಗಾಗಿ ಅರುಳಪ್ಪ ಅಯ್ಯನ ಸಂತಾನಕ್ಕೆಲ್ಲ ಶಾಪ ಹಾಕಿದ್ದೆವೋ, ಅದೇ ಕಿಲೋವನ್ನು ಅವತ್ತು ಎಲ್ಲರೂ ಸೆರಗಿನಲ್ಲಿ ಮುಚ್ಚಿ ಹಿಡಿದಿದ್ದೆವು.

ನನ್ನ ಮುಂದೆ ಇದ್ದವಳು ಸಗಾಯಮೇರಿ, ಗೋಡೆ ಪಕ್ಕದ ಮನೆಯವಳು. ಅವಳ ಮಗ ರೊಶಾಂತನ ಕಾರ್ಡಿನಲ್ಲಿ ಚುಕ್ಕೆ ಯಾರ ಕಡಿತವೂ ಇಲ್ಲದೆ ಎಷ್ಟೋ ತಿಂಗಳಿಂದ ಕೆಂಪಿನಲ್ಲಿದೆ. ಮಿಸ್ಸಿ ಚೀಲದೊಳಗೆ ಕೈ ಹಾಕಿ ತಡಕಾಡಿದರು.

“ಇವತ್ತು ಎಲ್ಲಾ ಮಗು ಕೆಳಗೆ ಬಂದರೆ ನಾನು ಏನು ಮಾಡುವುದು? ಇಷ್ಟೇ ಕೊಟ್ಟಿದ್ದಾರೆ. ನಿನಗೆ ಒಂದೇ ಪ್ಯಾಕೆಟ್, ನಂಗೀ.” ತಂಗಿ ಎನ್ನುವುದಕ್ಕೆ ಅವರ ಭಾಷೆಯಲ್ಲಿ ನಂಗಿ ಎನ್ನುತ್ತಾರೆ.

“ಪರವಾಗಿಲ್ಲ ಮಿಸ್ಸಿ,” ಎಂದಳು ಸಗಾಯಮೇರಿ. ಅವಳು ಯಾವುದಕ್ಕೂ ಪರವಾಗಿಲ್ಲ ಎನ್ನುವವಳೇ. ನಾನು ತರ್ಷಿಕಾಳ ಅಂಗಿಯ ಗುಂಡಿ ಬಿಚ್ಚುವುದರಲ್ಲಿ ಮಗ್ನಳಾದಂತೆ ಬಗ್ಗಿದೆ.

ಆಮೇಲೆ ನನ್ನ ಸರದಿ. ತರ್ಷಿಕಾ ಜೋಳಿಗೆಯಲ್ಲಿ ಕಾಲು ಆಡಿಸುತ್ತಾ ಕೇಕೆ ಹಾಕಿದಳು. ಮುಳ್ಳು ಏಳೂವರೆ ದಾಟಿ ಒಂದು ಗೆರೆ ಮುಂದೆ ನಿಂತಿತ್ತು, ಅಂದರೆ ಮತ್ತೆ ಹಸಿರಿನ ಅದೇ ಅಂಚು.

“ಆರು ಆರ್ನೂರು!” ಎಂದರು ಅರುಳಪ್ಪ ಅಯ್ಯ. ಅಲ್ಲಿಗೆ ನಿಲ್ಲಿಸಿದ್ದರೆ ನನ್ನ ಮಡಿಲಿಗೂ ಹಿಟ್ಟು ಬೀಳುತ್ತಿತ್ತು. ಆದರೆ ಹೆಂಗಸರು ಇಷ್ಟು ಸುಮ್ಮನಿದ್ದದ್ದನ್ನು ಅವರು ಯಾವತ್ತೂ ಕಂಡವರಲ್ಲ, ಆ ಉಮೇದಿನಲ್ಲಿ ಇನ್ನೊಂದು ಮಾತು ಸೇರಿಸಿದರು. “ಅರ್ಧ ಹೆಸರು ಮಿಸ್ಸಿ, ಅರ್ಧ ಹೆಸರು! ಅಮ್ಮಂಗೂ ವಾರದಲ್ಲಿ ಎರಡು ಸಲ ಅರ್ಧ, ಮಗಳಿಗೂ ಅರ್ಧ. ಹೊಟ್ಟೇಲಿರುವಾಗಲೇ ಅಭ್ಯಾಸ ಮಾಡಿಸಿದ್ದಾಳೆ!”

ಒಂದಿಬ್ಬರು ನಕ್ಕರು. ನಗಲೇಬೇಕೆಂದು ನಕ್ಕದ್ದಲ್ಲ, ಬಹಳ ಹೊತ್ತಿನಿಂದ ಒಳಗೆ ಕಟ್ಟಿಹಾಕಿದ್ದ ನಗು ಅಲ್ಲಿ ಹೊರಬಂತು. ನನಗೆ ಅದೆಲ್ಲ ಹೊಳೆಯಲಿಲ್ಲ. ತಲೆಗೆ ರಕ್ತ ಏರಿತು.

“ಅಯ್ಯಾ, ಅವಳು ನಿಮ್ಮ ಮೂಟೆ ಅಲ್ಲ!” ಎಂದು ಕಿರುಚಿದೆ. “ಮುಳ್ಳು ಏಳು ಆರ್ನೂರು ತೋರಿಸ್ತಿದೆ, ಕಣ್ಣು ಕಾಣಲ್ವಾ? ಎಲೇಲಿ ಕಡಿದಿದ್ದು ಸಾಲದು ಅಂತ ಮಗು ಮೈಯಲ್ಲೂ ಒಂದು ಕಿಲೋ ಕಡೀತೀರಾ?”

ಕೂಗಿ ಮುಗಿಸುವ ಮೊದಲೇ ಏನು ಮಾಡಿದೆನೆಂದು ತಿಳಿಯಿತು. ಕೋಮಳಾ ಕಣ್ಣು ಮುಚ್ಚಿಕೊಂಡಳು. ಕೂತಿದ್ದವರಲ್ಲಿ ಯಾರೋ “ಹೋಯ್ತು” ಎಂದರು.

ಮಿಸ್ಸಿ ಪೆನ್ನು ಕೆಳಗಿಟ್ಟು ಎದ್ದು ಬಂದರು. ಮುಳ್ಳಿನ ಹತ್ತಿರ ಮುಖ ತಂದು ನೋಡಿದರು. ಆಮೇಲೆ ಅರುಳಪ್ಪ ಅಯ್ಯನನ್ನು ನೋಡಿದರು.

“ಯಾವ ಒಂದು ಕಿಲೋ?”

“ಅದು… ಗೋಣಿಗೆ ಮಿಸ್ಸಿ. ಗೋಣಿ ತೂಕ.”

“ಗೋಣಿ ಎಲ್ಲಿ ಇದೆ?”

ಅರುಳಪ್ಪ ಅಯ್ಯ ಜೋಳಿಗೆಯನ್ನು ನೋಡಿದರು, ಅದರೊಳಗಿನ ತರ್ಷಿಕಾಳನ್ನು ನೋಡಿದರು. ಅವರಿಗೂ ಆಗಲೇ ಗೊತ್ತಾದದ್ದು. “ಬಾಯಿ ತಪ್ಪಿ… ರೂಢಿ ಮಿಸ್ಸಿ…”

“ಗೋಣಿ ಮಾತ್ರ ಅಲ್ಲ ಮಿಸ್ಸಿ,” ಎಂದಳು ಸಗಾಯಮೇರಿ ಗಂಭೀರವಾಗಿ. “ಮಗು ಒದ್ದೆ ಮಾಡ್ಕೊಂಡಿದೆಯಲ್ಲ, ನೀರಿನ ಕಡಿತ ಅದು. ಸದ್ಯ ಮಳೆ ಇರಲಿಲ್ಲ, ಬದುಕಿಕೊಂಡ್ವು.”

ಈ ಸಲ ಎಲ್ಲರೂ ನಕ್ಕರು, ಮಿಸ್ಸಿಯೂ. ಆದರೆ ನಗು ಮುಗಿದ ಮೇಲೆ ಅವರು ಮತ್ತೆ ಕೂತು ಪ್ರತಿ ಕಾರ್ಡಿನ ಚುಕ್ಕೆ ಹೊಡೆದುಹಾಕಿ ಮೇಲೆ ಹೊಸ ಚುಕ್ಕೆ ಇಟ್ಟರು. ಭೇದಿ, ಜ್ವರ, ಹಲ್ಲು, ದೃಷ್ಟಿ ಎಲ್ಲ ವಾಸಿಯಾದವು. ಮಡಿಲುಗಳಿಂದ ಪ್ಯಾಕೆಟ್‌ಗಳು ಒಂದೊಂದಾಗಿ ಮೇಜಿಗೆ ವಾಪಸು ಬಂದವು. ಕೋಮಳಾ ತನ್ನದನ್ನು ಇಡುವಾಗ ನನ್ನ ಭುಜಕ್ಕೆ ಭುಜ ತಾಗಿಸಿಕೊಂಡೇ ಹೋದಳು. ರೊಶಾಂತನಿಗೆ ಎರಡನೆಯ ಪ್ಯಾಕೆಟ್ ಸಿಕ್ಕಿತು. ನನಗೆ ಮಿಸ್ಸಿ ಬೆನ್ನು ತಟ್ಟಿ, “ಒಳ್ಳೇದು ನಂಗೀ, ಮಗು ಹಸಿರಿನಲ್ಲಿದೆ. ದಿನಕ್ಕೆ ಒಂದು ಮೊಟ್ಟೆ ಕೊಡು,” ಎಂದರು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅತ್ತೆಯ ಕಿವಿ ಮುಟ್ಟಿತ್ತು. ಅತ್ತೆ ಮುತ್ತಾಯಿ ಸೊಂಟ ಹೋಗುವವರೆಗೆ ಇದೇ ಮಲೆಯಲ್ಲಿ ಚಿಗುರು ಕಿತ್ತವಳು. ಒಲೆಯ ಮುಂದಿನಿಂದ ಎದ್ದೂ ಏಳದೆ ಶುರುಮಾಡಿದಳು.

“ಬಾ ತಾಯಿ, ಬಾ. ನ್ಯಾಯ ಮಾಡಿ ಬಂದ್ಯಾ? ಮೂಟೆ ತೂಗುವಾಗ ನಿನ್ನ ಬಾಯಿಗೆ ಹೊಲಿಗೆ ಹಾಕಿರ್ತಾರೆ. ಹಿಟ್ಟು ಬರೋ ದಿನಾನೇ ಅದು ಬಿಚ್ಕೋಬೇಕಾ?”

“ಮಗೂನ ಅರ್ಧ ಹೆಸರು ಅಂದ್ರು ಅತ್ತೆ.”

“ಅನ್ನಲಿ! ಅಂದ್ರೆ ಮಗು ಸವೆದು ಹೋಯ್ತಾ? ನನ್ನನ್ನ ಮುದಿ ಕತ್ತೆ ಅಂತಿದ್ರು, ನಾನು ನಿಂತು ಕೇಳಿಸ್ಕೊಂಡು ಪೂರಾ ಹೆಸರು ಬರೆಸ್ಕೊಂಡು ಬರ್ತಿದ್ದೆ.”

ರವೀಂದ್ರನ್ ಫೋನಿನಲ್ಲಿ ಕೇಳಿ ನಕ್ಕ. ಹಿಂದಿನಿಂದ ಕಲ್ಲಿನ ಮೇಲೆ ರೊಟ್ಟಿ ಕೊಚ್ಚುವ ತಟತಟ ಸದ್ದು ಬರುತ್ತಿತ್ತು. “ಮುಂದಿನ ತಿಂಗಳು ಸ್ವಲ್ಪ ಜಾಸ್ತಿ ಕಳಿಸೋಕೆ ನೋಡ್ತೀನಿ ಜೀವಾ,” ಎಂದ. ನೋಡುತ್ತೇನೆ ಎಂದರೆ ನೋಡುತ್ತಾನೆ, ಅಷ್ಟೇ; ಅದು ನನಗೂ ಗೊತ್ತು, ಅವನಿಗೂ ಗೊತ್ತು.

ಮರುದಿನದಿಂದ ನನ್ನ ಮೂಟೆಗೆ ಎರಡು ಕಿಲೋ ಕಡಿತ ಬಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. “ಇಬ್ಬನಿ,” ಎಂದರು ಅರುಳಪ್ಪ ಅಯ್ಯ, ನನ್ನನ್ನು ನೋಡದೆ. ಮಧ್ಯಾಹ್ನದ ತೂಕಕ್ಕೂ ಇಬ್ಬನಿ. ಆ ವಾರ ನನಗೆ ಅರ್ಧ ಹೆಸರುಗಳೇ ಹೆಚ್ಚು ಬಿದ್ದವು. ತರ್ಷಿಕಾಳಿಗೆಂದು ಅಂಗಡಿಯಿಂದ ತರುತ್ತಿದ್ದ ವಾರದ ಎರಡು ಮೊಟ್ಟೆ ಒಂದಾಯಿತು. ಅದರಲ್ಲಿ ಹಳದಿ ಒಂದು ದಿನಕ್ಕೆ, ಬಿಳಿ ಇನ್ನೊಂದು ದಿನಕ್ಕೆ. ಬಿಳಿಯನ್ನು ಅವಳು ಉಗುಳಿದರೆ ಅತ್ತೆ ಅದನ್ನು ತೊಳೆದು ಮತ್ತೆ ತಿನ್ನಿಸುತ್ತಿದ್ದಳು.

ಮುಂದಿನ ಕ್ಲಿನಿಕ್ ಹತ್ತಿರ ಬಂದಾಗ ಮಾತು ತೆಗೆದವಳು ಅತ್ತೆಯೇ. ಮೊರದಲ್ಲಿ ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಹೇಳಿದಳು.

“ಆ ಚುಕ್ಕೆ ಕೆಳಗೆ ಇಳಿಯೋಕೆ ಎಷ್ಟು ಕಮ್ಮಿಯಾಗಬೇಕಂತೆ?”

“ಇನ್ನೂರು ಗ್ರಾಂ ಇರಬಹುದು.”

“ಒಂದು ರಾತ್ರಿ ಒಂದು ಬೆಳಗ್ಗೆ ಕೊಡದೆ ಇದ್ರೆ ಇಳಿಯುತ್ತೆ. ಮಕ್ಕಳ ಮೈ ಅಷ್ಟೇ, ಹೊಟ್ಟೇಲಿ ಇದ್ದಷ್ಟೇ ತೂಕ.”

ನಾನು ತರ್ಷಿಕಾಳನ್ನು ಮಡಿಲಿಗೆ ಎಳೆದುಕೊಂಡೆ.

“ನಾನೇನು ಸಾಯಿಸು ಅಂತಿಲ್ಲ,” ಎಂದಳು. “ಒಂದು ಹೊತ್ತು. ನಾವು ಮಾರಿಯಮ್ಮಂಗೆ ಉಪವಾಸ ಇರಲ್ವಾ? ಅವಳೂ ಒಂದು ಹೊತ್ತು ಇರಲಿ. ಆಮೇಲೆ ತಿಂಗಳಿಡೀ ಹಿಟ್ಟು ತಿಂತಾಳೆ.”

ಲೆಕ್ಕ ಸರಿಯಿತ್ತು. ಎಲ್ಲಿಂದ ಕೂಡಿದರೂ ಸರಿಯಿತ್ತು. ಎದೆಹಾಲು ಮಾತ್ರ ರಾತ್ರಿ ಕೊಡುತ್ತೇನೆ, ಉಳಿದದ್ದು ಬೇಡ ಎಂದು ಒಪ್ಪಿಕೊಂಡೆ. ಕ್ಲಿನಿಕ್ ಇದ್ದ ದಿನ ಬೆಳಗ್ಗೆ ತರ್ಷಿಕಾ ಎದ್ದವಳು ಅಳಲಿಲ್ಲ. ಅತ್ತರೆ ಸಿಟ್ಟಾದರೂ ಮಾಡಬಹುದಿತ್ತು. ತೆವಳಿಕೊಂಡು ಹೋಗಿ ತನ್ನ ಅಲ್ಯೂಮಿನಿಯಂ ತಟ್ಟೆಯನ್ನು ಎಳೆದುಕೊಂಡು ಬಂದು ನನ್ನ ಕಾಲ ಹತ್ತಿರ ಇಟ್ಟು, ಬಾಯಿ ತೆರೆದು ಕೂತಳು. ಬರೀ ತಟ್ಟೆಯ ಮುಂದೆ, ಬಾಯಿ ತೆರೆದುಕೊಂಡು, ನಾನು ಇಡುತ್ತೇನೆಂಬ ನಂಬಿಕೆಯಲ್ಲಿ.

ಅತ್ತೆ ಮುಖ ತಿರುಗಿಸಿ, “ನಲ್ಲೀಲಿ ನೀರು ಬಂತೇನೋ ನೋಡ್ತೀನಿ,” ಎಂದು ಕೊಡ ತೆಗೆದುಕೊಂಡು ಹೊರಗೆ ಹೋದಳು.

ಮಲೆಗೆ ಒಯ್ಯಲೆಂದು ಸುಟ್ಟಿದ್ದ ನನ್ನ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಬಿಚ್ಚಿದೆ. ಮುರಿದು, ಬೇಳೆಯ ತಿಳಿಯಲ್ಲಿ ನೆನೆಸಿ, ಬೇಗ ಬೇಗ ಇಟ್ಟೆ. ಬಾಗಿಲ ಕಡೆ ಒಂದು ಕಣ್ಣು, ಮಗುವಿನ ಬಾಯಿ ಕಡೆ ಒಂದು ಕಣ್ಣು. ಕಳ್ಳತನ ಮಾಡುವವರು ಹೀಗೇ ಇರುತ್ತಾರೇನೋ. ಅವಳು ಇಡೀ ರೊಟ್ಟಿ ತಿಂದಳು. ಅತ್ತೆ ಬರುವ ಮೊದಲು ಬಾಯಿ ಒರೆಸಿ, ತಟ್ಟೆ ತೊಳೆದು ಬೋರಲು ಹಾಕಿದೆ.

ಮಲೆಗೆ ಹೋಗಿ ಒಂದು ತೂಕ ಮುಗಿಸಿ, ಕ್ಲಿನಿಕ್ ಹೊತ್ತಿಗೆ ನಾನು ಪಿಳ್ಳೆಕಾಂಬರಕ್ಕೆ ಓಡಿ ಬಂದೆ. ಅತ್ತೆ ಮಗುವನ್ನು ಎತ್ತಿಕೊಂಡು ಜಗಲಿಯಲ್ಲಿ ಕೂತಿದ್ದಳು. ಮಿಸ್ಸಿ ಹೊಸ ತಕ್ಕಡಿ ತಂದಿದ್ದರು, ತಾವೇ ತೂಗುತ್ತಿದ್ದರು. ತರ್ಷಿಕಾ ಜೋಳಿಗೆ ಏರಿದಳು. ಮಿಸ್ಸಿ ಮುಳ್ಳು ನೋಡಿದರು, ಕಾರ್ಡು ನೋಡಿದರು, ಮತ್ತೆ ಮುಳ್ಳು ನೋಡಿದರು.

“ಎಂಟು!” ಎಂದರು. “ಏನು ಮಾಡಿದೆ ನಂಗೀ? ಒಂದು ತಿಂಗಳಿಗೆ ಇಷ್ಟು ಮೇಲೆ! ನೋಡಿ, ಎಲ್ಲಾ ಅಮ್ಮನವರು ನೋಡಿ. ಮನಸ್ಸು ಮಾಡಿದರೆ ಆಗುತ್ತದೆ.”

ಕೋಮಳಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನು ಅತ್ತೆಯ ಮುಖ ನೋಡಿದೆ. ಒಂದು ರೊಟ್ಟಿಗೆ ಇಷ್ಟು ಏರುವುದಿಲ್ಲ. ಅತ್ತೆ ಜಗಲಿಯ ಕಂಬವನ್ನು ನೋಡುತ್ತಿದ್ದಳು.

ಹಿಟ್ಟು ಇಲ್ಲದೆ ಇಳಿಜಾರಿನ ಕಡೆ ಹೊರಟೆವು. ನಾನು ಮಲೆಗೆ ವಾಪಸಾಗಬೇಕು, ಅತ್ತೆ ಮಗುವನ್ನು ಮನೆಗೆ ಒಯ್ಯಬೇಕು. ದಾರಿ ಬೇರೆಯಾಗುವವರೆಗೆ ಜೊತೆ.

“ನೀನೇನು ಕೊಟ್ಟೆ?” ಎಂದು ಕೊನೆಗೆ ಅತ್ತೆಯೇ ಕೇಳಿದಳು.

“ರೊಟ್ಟಿ. ನೀವು?”

“ಬಾಳೆಹಣ್ಣು.” ಒಂದು ಹೆಜ್ಜೆ ಬಿಟ್ಟು, “ಅನ್ನಾನೂ. ಸಗಾಯಮೇರಿ ಮನೇಲಿ ನೆತ್ತಲಿ ಹುರಿದಿದ್ರು, ಅದರ ಜೊತೆ ಸ್ವಲ್ಪ. ಆಮೇಲೆ ನೀರು ಕೇಳಿದಳು, ಕುಡಿಸಿದೆ.”

“ನೀವೇ ಅಲ್ವಾ ಉಪವಾಸ ಅಂದಿದ್ದು?”

“ಅಂದೆ,” ಎಂದಳು ಅತ್ತೆ. “ನೀನು ಕೊಡದೆ ಇರ್ತೀಯ ಅಂತ ನಂಬಿ ಕೊಟ್ಟೆ. ಒಬ್ಬರಾದ್ರೂ ಗಟ್ಟಿ ಇರ್ತಾರೆ ಅನ್ಕೊಂಡೆ. ದಂಡಪಿಂಡ.”

ನನಗೆ ನಗು ಬಂತು, ನಗಲು ಉಸಿರಿರಲಿಲ್ಲ. ತರ್ಷಿಕಾ ಅತ್ತೆಯ ಭುಜದ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದಳು. ಹೊಟ್ಟೆ ತುಂಬಿದ ಮಗುವಿನ ಕತ್ತು ವಾಲುವಂತೆ ವಾಲುತ್ತಿತ್ತು.

“ಇನ್ನೊಂದು ತಿಂಗಳು,” ಎಂದೆ. “ಏನು ಕೊಡೋದು?”

“ಸಾಲಕ್ಕೆ ಅಂಗಡಿಯವನತ್ರ ನಾನು ಮಾತಾಡ್ತೀನಿ. ಮಾತ್ರೆ ವಾರಕ್ಕೆ ಒಂದು ದಿನ ಬಿಟ್ರೆ ಸತ್ತು ಹೋಗಲ್ಲ ನಾನು.”

“ಮಾತ್ರೆ ಬಿಡ್ಬೇಡಿ ಅತ್ತೆ.”

“ನೀನು ಬಾಯಿ ಮುಚ್ಚು,” ಎಂದಳು. ದಾರಿ ಕವಲೊಡೆಯುವಲ್ಲಿ ನಿಂತು, ಮಗುವನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸಲು ನೋಡಿದಳು. ಸೊಂಟ ಹಿಡಿದುಕೊಂಡಿತು. ನಾನು ಕೈ ಚಾಚಿದೆ. ಕೊಡಲಿಲ್ಲ. “ಹೋಗು, ತೂಕಕ್ಕೆ ತಡವಾಗುತ್ತೆ,” ಎಂದು ನಿಧಾನವಾಗಿ ಲೈನ್ ಮನೆಗಳ ಕಡೆ ಇಳಿಯತೊಡಗಿದಳು. ನಾನು ಖಾಲಿ ಗೋಣಿಯ ಹಗ್ಗವನ್ನು ತಲೆಗೆ ಸಿಕ್ಕಿಸಿಕೊಂಡು ಮಲೆ ಹತ್ತಿದೆ.